ನಡೆಯದ ಕಾಲು

ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ತಮಗೆ ಬಾರದ ವಿದ್ಯೆಯೇ ಇಲ್ಲವೆಂಬ ಭ್ರಮೆ. ಪುಣೆಯ ರೈಲ್ವೆ ಕಚೇರಿಯಲ್ಲಿ ಕಾರಕೂನರು. ಹಗಲೆಲ್ಲ ಸಾಹೇಬನ ಮುಂದೆ ಕೈಕಟ್ಟಿ ನಿಂತು ಬಂದವರು, ಸಂಜೆ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ ಕೂಡಲೇ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯ ಪಡಸಾಲೆಯಲ್ಲಿ ಗುರುಗಳಾಗುತ್ತಿದ್ದರು. ಶಿಷ್ಯರೆಂದರೆ ಮೂಗು ಒರೆಸಿಕೊಳ್ಳಲೂ ಬಾರದ ಐದಾರು ಕನ್ನಡ ಮಕ್ಕಳು. ಅವರಲ್ಲಿ ನಾಲ್ಕು ವರ್ಷದ ನನ್ನ ಮಗಳೂ ಒಬ್ಬಳು.

ಪುಣೆಯ ಮರಾಠಿ ಶಾಲೆಗೆ ಹೋಗುವ ಮೊದಲೇ ಮಕ್ಕಳಿಗೆ ಭಿನ್ನರಾಶಿ ಬರಬೇಕು ಎನ್ನುವುದು ಅವರ ಹಟ. "ಏಕ ಪಾವ ಪಾವ, ದೋನ ಪಾವ ಅರ್ಧಾ" ಎಂದು ಅವರು ಹೇಳಿಕೊಡುವುದು, ಮಕ್ಕಳು ತೂಗಾಡುತ್ತ ಕಿರುಚುವುದು. ಪಾವ ಎಂದರೆ ತಿನ್ನುವುದೋ ಹೊದೆಯುವುದೋ ಒಂದು ಮಗುವಿಗೂ ಗೊತ್ತಿಲ್ಲ. ಗುರುಗಳಿಗೆ ಅದರ ಚಿಂತೆಯೂ ಇಲ್ಲ.

ಮೊಮ್ಮಗಳನ್ನು ಶಾಲೆಗೆ ಹಾಕಬೇಕೋ ಬೇಡವೋ ಎಂದು ಮಾವನವರು ಇನ್ನೂ ತೂಗಿ ನೋಡುತ್ತಿದ್ದ ಕಾಲ. ತವರಿನಲ್ಲಿ ನನ್ನನ್ನು ಎರಡನೆಯ ಇಯತ್ತೆಗೇ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಮಗಳಿಗೆ ಹಾಗಾಗಬಾರದೆಂದು ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ. ಒಂದು ಸಂಜೆ ಮಾವನವರು ಜೋಕಾಲಿಯ ಮೇಲೆ ಕೂತಿದ್ದಾಗ ಭಾವನವರಿಗೆ ಪಾಂಡಿತ್ಯ ತೋರಿಸುವ ಹುಮ್ಮಸ್ಸು ಬಂತು.

"ಪಾವ ಅಂದ್ರ ಕನ್ನಡದಾಗ ಕಾಲು. ಕಾಲು ಅಂದ್ರೇನು, ತೋರಸು."

ಮಗಳು ಬಲಗಾಲು ಮುಂದೆ ಚಾಚಿದಳು.

"ಈಕಿ ತಲ್ಯಾಗ ಏನೂ ಇಲ್ರಿ ಅಪ್ಪಾ. ಸಾಲಿಗೆ ಹಾಕಿದ್ರ ನಮ್ಮ ಮಾನ ಹೋಗ್ತದ."

"ಹಂಗಾರ ಬಿಡು. ಮನ್ಯಾಗ ಇರ್ಲಿ," ಎಂದರು ಮಾವನವರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಡುಗೆಮನೆಯ ಬಾಗಿಲ ಹಿಂದೆ ನನಗೆ ಮೈಯೆಲ್ಲ ಉರಿಯಿತು. ಆದರೆ ಭಾವನವರ ಎದುರು ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ, ನನ್ನ ಗಂಡನಿಗೋ ಅಣ್ಣನ ಮಾತೇ ವೇದ.

ಮರುದಿನ ಮಗಳ ಕೈಗೆ ಒಂದು ಜೋಳದ ಭಕ್ಕರಿ ಕೊಟ್ಟು, ನಾಲ್ಕು ಮಂದಿಗೆ ಸಮ ಹಂಚು ಎಂದೆ. ಮೊದಲು ತನ್ನ ಪಾಲನ್ನೇ ದೊಡ್ಡದು ಮಾಡಿಕೊಂಡಳು. ಬೈಸಿಕೊಂಡು, ಇನ್ನೊಂದು ಭಕ್ಕರಿ ಹಾಳುಮಾಡಿ, ಕೊನೆಗೆ ಸರಿಯಾಗಿ ಮುರಿದಳು.

"ಇದರಾಗಿಂದು ಒಂದು ತುಂಡು ಅಂದ್ರ ಕಾಲು ಭಕ್ಕರಿ," ಎಂದೆ.

"ಕಾಲು ಯಾಕ ಅಂತಾರವ್ವಾ?"

"ಆಕಳಿಗೆ ಕಾಲು ಎಷ್ಟು?"

"ನಾಕು."

"ನಾಕರಾಗ ಒಂದು?"

"ಕಾಲು," ಎಂದು ನಕ್ಕುಬಿಟ್ಟಳು. ಇಷ್ಟಕ್ಕೆ ಆ ಮಹಾನುಭಾವರು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡಿದ್ದರು.

ಅಂದು ಊಟಕ್ಕೆ ಕೂತಾಗ ಭಾವನವರು, "ಇನ್ನೊಂದು ಕಾಲು ಭಕ್ಕರಿ ಹಾಕ್ರಿ, ಸಾಕು," ಎಂದರು. ನಾನು ಇಡೀ ಭಕ್ಕರಿಯನ್ನು ಮಗಳ ಕೈಗಿಟ್ಟು ಕಳಿಸಿದೆ. ಅವಳು ಅದನ್ನು ಎರಡು ಮಾಡಿದಳು, ಒಂದು ಅರ್ಧವನ್ನು ಮತ್ತೆ ಎರಡು ಮಾಡಿ ಒಂದು ತುಂಡು ಅವರ ತಾಟಿಗೆ ಹಾಕಿದಳು.

"ದೊಡ್ಡಪ್ಪಾ, ಇದು ಕಾಲು. ಆದ್ರ ಇದು ನಡಿಯಂಗಿಲ್ಲ."

ಮಾವನವರು ನೆತ್ತಿಗೆ ಹತ್ತುವಷ್ಟು ನಕ್ಕರು. "ಯಾರು ಕಲಿಸಿದ್ರವ್ವಾ ನಿನಗ?"

ಮಗಳು ಬಾಗಿಲ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವುದರೊಳಗೆ ಭಾವನವರು ಗಂಟಲು ಸರಿಮಾಡಿಕೊಂಡರು. "ನನ್ನ ಪಾಠ ಹತ್ತೂದು ಸ್ವಲ್ಪ ತಡಾ ಆಗ್ತದ್ರಿ ಅಪ್ಪಾ, ಆದ್ರ ಹತ್ತತದ."

"ಹಂಗಾರ ಸಾಲಿಗೆ ಹಾಕೂಣು," ಎಂದರು ಮಾವನವರು.

ಕಲಿಸಿದ ಹೆಸರು ಅವರಿಗೇ ಇರಲಿ, ಹುಡುಗಿ ಶಾಲೆಗೆ ಹೋದರೆ ಸಾಕಾಗಿತ್ತು. ನಮ್ಮ ವಾಡೆಯ ಮರಾಠಿ ಹೆಂಗಸರು ಇಂಥವರನ್ನು ದೀಡ ಶಹಾಣಾ, ಒಂದೂವರೆ ಜಾಣ, ಎನ್ನುತ್ತಿದ್ದರು. ಮರುದಿನ ಸಂಜೆ ಮಗಳಿಗೆ ಒಂದೂವರೆ ಕಲಿಸಬೇಕಿತ್ತು. ಅದಕ್ಕೆ ನಾನು ಭಕ್ಕರಿ ಮುರಿಯಲಿಲ್ಲ. ಬಾಗಿಲ ಸಂದಿಯಿಂದ ಪಡಸಾಲೆಯಲ್ಲಿ ಕೂತ ಗುರುಗಳತ್ತ ಬೆರಳು ತೋರಿಸಿದೆ.