ಲಿಂಗಕ್ಕೆ ತೋರಿಸಿ ತಿಂದ ಬಿಸ್ಕೀಟು

ಗೋಧಿ ಬಿಟ್ಟು ಏಳು ತಿಂಗಳಾದರೂ ನನ್ನ ಹೊಟ್ಟೆ ಕೆಡುವುದು ನಿಲ್ಲಲಿಲ್ಲ. ೧೯೮೯ರ ಮಾತು. ಆಗ ನನಗೆ ಮೂವತ್ತೆಂಟು ವರ್ಷ. ಆಳಂದ ತಾಲೂಕಿನ ನರೋಣಾ ನನ್ನ ಗಂಡನ ಊರು, ಜೇವರ್ಗಿ ಕಡೆಯ ಯಡ್ರಾಮಿ ತವರು. ಇದನ್ನು ಓದುವ ಶರಣ ಬಳಗದಲ್ಲಿ ನನ್ನಂಥ ಹೊಟ್ಟೆಯವರು ಒಬ್ಬರಿದ್ದರೂ ಅವರಿಗೆ ಉಪಯೋಗವಾಗಲಿ ಎಂದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ದಿನಕ್ಕೆ ಆರೇಳು ಸಲ ಚೊಂಬು ಹಿಡಿದು ಹೊರಗೆ ಹೋಗಬೇಕಾಗುತ್ತಿತ್ತು. ಬಳೆ ಮೊಣಕೈವರೆಗೆ ಜಾರುತ್ತಿದ್ದವು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಕೊನೆಗೆ ಸೊಲ್ಲಾಪುರದ ಒಬ್ಬ ಡಾಕ್ಟರು ಬಾಯಿಂದ ನಳಿಕೆ ಇಳಿಸಿ, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರೋಗದ ಹೆಸರು ಸೀಲಿಯಾಕ್ ಅಂದರು. ಗೋಧಿಯೊಳಗಿನ ಒಂದು ಅಂಶ ನನ್ನ ಕರುಳಿಗೆ ವಿಷವಂತೆ. ಔಷಧ ಇಲ್ಲ, ಜೀವ ಇರುವತನಕ ಗೋಧಿ ಬಿಡುವುದೊಂದೇ ದಾರಿ.

"ಇಷ್ಟೇ ಏನು?" ಅಂದರು ನಮ್ಮ ಅತ್ತಿ. "ಜ್ವಾಳದ ರೊಟ್ಟಿ ತಿನ್ನೋ ಮಂದಿಗೆ ಗೋಧಿ ಬಿಡೋದು ಯಾತರ ದೊಡ್ಡದು ಬೇ?"

ನನಗೂ ಹಾಗೇ ಅನಿಸಿತು. ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆಂದು ನನ್ನ ಪಾಲಿನ ಜೋಳವನ್ನು ಮನೆಯ ಬೀಸುವ ಕಲ್ಲಿನಲ್ಲೇ ಬೀಸಿಕೊಂಡೆ. ಮಠದ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸಿದರೆ ಕಣ್ಣಿಗೊತ್ತಿಕೊಂಡು ಗಂಡನ ಎಡೆಗೆ ಸರಿಸುತ್ತಿದ್ದೆ. ಪಕ್ಕದ ಪಂಕ್ತಿಯವರು ಮೋರೆ ಮೋರೆ ನೋಡಿಕೊಳ್ಳುತ್ತಿದ್ದರು.

ಬೆಳಗಿನ ಚಹಾಕ್ಕೆ ಮಾತ್ರ ಏನಾದರೂ ಬೇಕಿತ್ತು. ಶಕ್ತಿಗೆಂದು ಡಾಕ್ಟರು ಕೊಟ್ಟ ಗುಳಿಗೆಯನ್ನು ಖಾಲಿ ಹೊಟ್ಟೆಗೆ ನುಂಗಿದರೆ ವಾಂತಿ. ಆಳಂದದ ಒಬ್ಬ ಕಂಪೌಂಡರು ದಾರಿ ತೋರಿಸಿದರು: "ಆರಾರೂಟ್ ಬಿಸ್ಕೀಟ್ ಕೊಡ್ರಿ. ಗಡ್ಡಿ ಹಿಟ್ಟಿಂದು. ಬೀಮಾರಿ ಮಂದಿಗೆ ಅದೇ ಛಲೋ." ಅತ್ತಿ ಅಂದಿನಿಂದ ಸಂತೆಗೆ ಹೋಗುವವರ ಕೈಯಲ್ಲಿ ತಪ್ಪದೆ ಆ ಪಾಕೀಟು ತರಿಸಿದರು. ಸ್ನಾನ, ಲಿಂಗಪೂಜೆ ಮುಗಿಸಿ, ಬಿಸ್ಕೀಟನ್ನು ಕೊರಳ ಲಿಂಗಕ್ಕೆ ತೋರಿಸಿ, ಚಹಾದಲ್ಲಿ ಅದ್ದಿ ತಿನ್ನುತ್ತಿದ್ದೆ. ದಿನಕ್ಕೆ ಎರಡು. ಮೈ ಇನ್ನೂ ಇಳಿಯಿತೆಂದು ಅತ್ತಿ ನಾಲ್ಕು ಮಾಡಿದರು.

ಮತ್ತೆ ಸೊಲ್ಲಾಪುರಕ್ಕೆ ಹೋದಾಗ ಡಾಕ್ಟರು ತೂಕದ ಮುಳ್ಳು ನೋಡಿ ಚಷ್ಮಾ ತೆಗೆದರು. "ಅವ್ವಾರ, ಕದ್ದು ತಿನ್ನಾಕತ್ತೀರಿ ನೀವು. ನನಗ ಸುಳ್ಳು ಹೇಳಬಹುದು, ಕರುಳಿಗೆ ಹೇಳಾಕ ಬರೂದಿಲ್ಲ. ಹಿಂಗಾದ್ರ ಮುಂದಿನ ದೀಪಾವಳಿ ಕಾಣೂದಿಲ್ಲ."

ತಿಂದಿಲ್ಲ ಎಂದೆ. ಯಾರೂ ನಂಬಲಿಲ್ಲ. ಬಸ್ಸಿನಲ್ಲಿ ನಮ್ಮ ಮನೆಯವರು ನನ್ನನ್ನು ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು.

ಮರುದಿನ ಗೋಧಿ ಹಿಟ್ಟಿನ ಡಬ್ಬಿಗೆ ಕೀಲಿ ಬಿತ್ತು. ಅತ್ತಿ ಬುಟ್ಟಿಯೊಳಗಿನ ಚಪಾತಿ ಎಣಿಸಿ ಇಡತೊಡಗಿದರು. ಒಂದು ದಿನ ಬೆಕ್ಕು ಒಂದನ್ನು ಎಳೆದೊಯ್ದಿತು. ಅವತ್ತು ನನ್ನ ಬಾಯಿ ತೆರೆಸಿ ನೋಡಿದರು, ಕೂಸಿನ ಬಾಯಿ ನೋಡಿದ ಹಾಗೆ. ಮತ್ತೆ ಅದೇ ಕೈಯಿಂದ ಬಸಿಯಲ್ಲಿ ಬಿಸ್ಕೀಟು ಇಟ್ಟು, "ಇದನ್ನಾರ ತಿನ್ನು ಬೇ, ಸಾಯಬ್ಯಾಡ" ಎಂದು ಅತ್ತರು. ಅವರ ಮೇಲೆ ಸಿಟ್ಟಾಗುವುದಕ್ಕೂ ನನಗೆ ದಾರಿಯಿರಲಿಲ್ಲ.

ಅಂಗೈಯಲ್ಲಿ ಲಿಂಗ ಹಿಡಿದು ದಿನಾ ಕೇಳುತ್ತಿದ್ದೆ: "ನಿನಗೆ ತೋರಿಸದೆ ಒಂದು ತುತ್ತೂ ನುಂಗಿಲ್ಲ. ನಾನು ಕದ್ದಿಲ್ಲ ಎಂಬುದಕ್ಕೆ ನೀನೊಬ್ಬನೇ ಸಾಕ್ಷಿ. ಒಂದೋ ಕರೆದುಕೋ, ಇಲ್ಲ ಹೇಳು."

ಆಷಾಢ ಮುಗಿಯುವ ಹೊತ್ತಿಗೆ ನಮ್ಮ ಮನೆಯವರು ಅಂದರು: "ತವರಿಗಿ ಹೋಗಿರು. ಆರಾಮ ಆದ್ರ ಬಂದು ಕರಕೊಂಡ ಬರ್ತೇನಿ."

"ಆಗಲಿಲ್ಲಂದ್ರ?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಯಡ್ರಾಮಿ ಗಾಡಿ ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಭೀಮಾ ನದಿಯ ಪೂಲು ದಾಟುವಾಗ ಕಣ್ಣಿಗೆ ಕತ್ತಲೆ ಬಂದಂತಾಗಿ ಚೀಲದಿಂದ ಬಿಸ್ಕೀಟು ತೆಗೆದೆ. ಸುಳ್ಳೇಕೆ ಹೇಳಲಿ, ಲಿಂಗಕ್ಕೆ ತೋರಿಸುವುದು ಬೇಡ ಅನಿಸಿತು. ಏಳು ತಿಂಗಳು ತೋರಿಸಿ ಏನಾಯಿತು? ಆದರೂ ಕೈ ರೂಢಿಯಂತೆ ತಾನೇ ಕೊರಳಿಗೆ ಹೋಯಿತು.

ಪಕ್ಕದಲ್ಲಿ ಒಬ್ಬ ಮುಸಲ್ಮಾನ ಹೆಂಗಸು, ನನಗಿಂತ ಹಿರಿಯಳು, ಕಾಲಸಂದಿಯಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಳು. ನೋಡಿ ನಕ್ಕಳು.

"ಯಕ್ಕಾ, ಲಿಂಗಪ್ಪಗ ಬರೇ ಬಿಸ್ಕೀಟ್ ತೋರ್ಸಾಕತ್ತೀರಲ್ರಿ, ಚಾ ಇಲ್ಲೇನು?"

ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು. "ತೋರ್ಸಲಾರದ ತಿನ್ನಂಗಿಲ್ರಿ ನಾವು. ನನಗ ಹೊಟ್ಟಿ ಬೀಮಾರಿ. ಗೋಧಿ ಆಗಿ ಬರಂಗಿಲ್ಲ. ಅದಕ್ಕ ಈ ಆರಾರೂಟಿಂದು."

ಆಕೆ ಪಾಕೀಟು ಇಸಿದುಕೊಂಡು ಮೂಸಿದಳು. ಮುಂದಿನ ಸೀಟಿನವರು ತಿರುಗಿ ನೋಡುವ ಹಾಗೆ ಅಂದಳು: "ಯಾ ಅಲ್ಲಾ! ಸೊಲ್ಲಾಪುರದಾಗ ಬಿಸ್ಕೀಟ್ ಭಟ್ಟಿಯೊಳಗ ಹನ್ನೊಂದ ವರ್ಷ ಹಿಟ್ಟು ಕಲಸೇನ್ರಿ ನಾ. ಚೀಲಗಟ್ಲೆ ಮೈದಾ ಸುರದು, ಮ್ಯಾಲ ಬೊಗಸಿ ಆರಾರೂಟ. ನನ್ನ ಹೆಸರು ಹಸೀನಾ. ಹಸೀನಾ ಅಂದ್ರ ಚೆಲುವಿ. ನನ್ನ ಮಾರಿ ನೋಡ್ರಿ, ಹೆಸರು ನಂಬತೀರೇನು?"

"ಮೈದಾ ಅಂದ್ರ..."

"ಗೋಧಿ ಅಲ್ದ ಮತ್ತೇನ್ರಿ? ಮುಗಲಿನಿಂದ ಬೀಳ್ತದೇನು?" ಎಂದವಳು ನನ್ನ ಮುಖ ನೋಡಿ ಪಾಕೀಟನ್ನು ತೊಡೆಯ ಮೇಲೆ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಎಷ್ಟು ದಿನದಿಂದ ತಿನ್ನಾಕತ್ತೀರಿ?"

ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು. "ನಾ ನಮ್ಮ ಭಟ್ಟಿದು ಹೇಳ್ದೆ ಯಕ್ಕಾ. ಈ ಪಾಕೀಟಿನ ಹಿಂದ ಇಂಗ್ಲಿಷಿನಾಗ ಬರದಾರ. ಯಾರ ಕೈಲಾದ್ರೂ ಓದಿಸ್ಕೋರಿ. ಅಲ್ಲೀತನಕ ಇದನ್ನ ಬಾಯಾಗ ಹಾಕಬ್ಯಾಡ್ರಿ." ತನ್ನ ಗಂಟು ಬಿಚ್ಚಿ ಒಂದು ಮುಷ್ಟಿ ಹುರಿದ ಶೇಂಗಾ ನನ್ನ ಉಡಿಗೆ ಹಾಕಿ ಜೇವರ್ಗಿಯಲ್ಲಿ ಇಳಿದುಹೋದಳು. ಮತ್ತೆ ಆಕೆಯನ್ನು ನಾನು ಕಂಡಿಲ್ಲ.

ಯಡ್ರಾಮಿಯಲ್ಲಿ ನನ್ನ ತಮ್ಮ ಸಾಲಿ ಮಾಸ್ತರ. ಪಾಕೀಟು ತಿರುವಿ, ಸಾಸಿವೆ ಕಾಳಿನಂಥ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದ. ಮೊದಲನೆಯ ಹೆಸರೇ ಗೋಧಿ ಹಿಟ್ಟು. ಆರಾರೂಟ ಕಟ್ಟಕಡೆಗಿತ್ತು. ಅವನು ಇನ್ನೊಮ್ಮೆ ಓದಿದ. ನಾನು ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತೆ. ಕದ್ದಿಲ್ಲ, ನಾನು ಕದ್ದಿರಲಿಲ್ಲ.

ಅವತ್ತಿನಿಂದ ಬಿಸ್ಕೀಟು ಮುಟ್ಟಲಿಲ್ಲ. ಹದಿನೈದು ದಿನಕ್ಕೆ ಹೊಟ್ಟೆ ಹಿಡಿತಕ್ಕೆ ಬಂತು. ಎರಡು ತಿಂಗಳಿಗೆ ಬಳೆ ಮಣಿಕಟ್ಟಿನಲ್ಲಿ ನಿಂತವು. ಕರೆಯಲು ಬಂದ ನಮ್ಮ ಮನೆಯವರು ಅಂಗಳದಲ್ಲಿ ನನ್ನನ್ನು ನೋಡಿ, ಗುರುತು ಹತ್ತದೆ ನನ್ನನ್ನೇ ಕೇಳಿದರು, "ಆಕಿ ಎಲ್ಲಿದ್ದಾಳ?" ಎಂದು. ಸೊಲ್ಲಾಪುರದ ಡಾಕ್ಟರು ಪಾಕೀಟಿನ ಹಿಂಬದಿ ಓದಿ, "ಏನು ತಿಂತೀರಿ ಅಂತ ಒಂದೊಂದೇ ಕೇಳಬೇಕಿತ್ತು ನಾನು. ಕದ್ದೀರಿ ಅಂದೆ. ತಪ್ಪಾತು ತಾಯಿ" ಅಂದರು.

ಇದು ಆಕಸ್ಮಿಕ ಅನ್ನುವವರು ಅನ್ನಲಿ. ಏಳು ತಿಂಗಳು ಕೊರಳಲ್ಲಿರುವವನು ಮೌನವಾಗಿದ್ದಾನೆ ಎಂದು ನಾನು ತಿಳಿದಿದ್ದೆ. ಅವತ್ತು ಬಸ್ಸಿನಲ್ಲಿ ಸಿಟ್ಟಿನಿಂದ ತೋರಿಸದೆ ತಿಂದಿದ್ದರೆ ಹಸೀನಾಬಿ ನಗುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ನಾನು ಬೇಡ ಅಂದರೂ ನನ್ನ ಕೈಯನ್ನು ಕೊರಳಿಗೆ ಒಯ್ದವನು ಅವನೇ. ಇದರಲ್ಲಿ ನನಗೆ ಸಂಶಯವಿಲ್ಲ. ಆಗಿನಿಂದ ಹೊರಗಿನದನ್ನು ತಿನ್ನುವ ಮೊದಲು ಲಿಂಗಕ್ಕೂ ತೋರಿಸುತ್ತೇನೆ, ಓದು ಬಂದವರಿಗೂ ತೋರಿಸುತ್ತೇನೆ. ಆದಷ್ಟು ಮಾಡಿದವರನ್ನೇ ಕೇಳುತ್ತೇನೆ.

ನಮ್ಮ ಅತ್ತಿ ನನ್ನ ಮುಂದೆ ತಪ್ಪಾಯಿತು ಅನ್ನಲಿಲ್ಲ. ಕೀಲಿಯನ್ನು ಬಾವಿಗೆ ಎಸೆದರು, ಅಷ್ಟೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಜೀವ ಇರುವತನಕ ಅಂಗಡಿಯಲ್ಲಿ ಯಾವ ಪಾಕೀಟು ಕೊಂಡರೂ ತಿರುವಿ ಹಿಡಿಯುತ್ತಿದ್ದರು. "ಹಿಂದಿಂದು ಓದೋ ಶೆಟ್ಟಿ. ಮುಂದಿಂದು ಬ್ಯಾಡ."

"ಯಮ್ಮಾ, ಇದು ಉಪ್ಪಿನ ಪಾಕೀಟ!"

"ಇರ್ಲಿ, ಓದು. ನಮ್ಮ ಸೊಸಿ ತಿನ್ನಾಕಿ ಅದಾಳ."