ಕೆಳಮನೆ ಅಕ್ಕ ಹೊತ್ತು ತಂದ ಮಣ್ಣು

ಮೊನ್ನೆ ಮೊಮ್ಮಗಳು ಅಂಗಡಿಯಿಂದ ಒಂದು ಕಟ್ಟು ಲಾವಂಚದ ಬೇರು ತಂದು ಕುಡಿಯುವ ನೀರಿನ ಮಡಕೆಗೆ ಹಾಕಿದಳು. ಮುಚ್ಚಳ ತೆಗೆದೆ ನೋಡಿ, ಆ ಘಮಕ್ಕೆ ಕೆಳಮನೆ ಅಕ್ಕ ಎದುರಿಗೇ ಬಂದು ನಿಂತಂತಾಯಿತು… ತಲೆಯ ಮೇಲೆ ಮಣ್ಣಿನ ಬುಟ್ಟಿ ಸಮೇತ.

ಸಾವಿರದ ಒಂಬೈನೂರ ಐವತ್ತೆಂಟೋ ಐವತ್ತೊಂಬತ್ತೋ ಇಸವಿ ಇರಬೇಕು. ನನಗೆ ಮದುವೆಯಾದ ಹೊಸತು. ನಮ್ಮ ಯಜಮಾನರಿಗೆ ಸೊರಬದಲ್ಲಿ ಮೇಷ್ಟ್ರ ಕೆಲಸ. ಬಾಡಿಗೆ ಮನೆಯ ಹಿತ್ತಲು ಪೂರಾ ಇಳಿಜಾರು. ಆಳೆತ್ತರ ಲಂಟಾನ, ಮುಳ್ಳುಕಂಟಿ ಬೆಳೆದಿತ್ತು. ಅದನ್ನು ಸವರಿ ಮಲ್ಲಿಗೆ ಹಚ್ಚಬೇಕೆಂದು ನನ್ನ ಹಟ. ಇಳಿಜಾರಿನ ಬುಡದಲ್ಲಿ ಅಕ್ಕನ ಮನೆ. ಬೇಸಿಗೆಯ ಕೊನೆಗೆ ಅವಳು ಮೆಣಸಿನ ಸಸಿ ಎಬ್ಬಿಸಿ ರೈತರಿಗೆ ಮಾರುತ್ತಿದ್ದಳು. ಕಾಯಿಲೆಯ ಗಂಡ, ಒಬ್ಬಳು ಮಗಳು, ಎಲ್ಲರ ಹೊಟ್ಟೆಗೂ ಆ ಎರಡು ಮಡಿ ಸಸಿಯೇ ಆಧಾರ.

ನಾನು ಗುದ್ದಲಿ ಹಿಡಿದದ್ದು ಕಂಡು ಬೇಲಿಯ ಹತ್ತಿರ ಬಂದಳು. "ಕಂಟಿ ಕಡೀರಿ, ಬೇರು ಮಾತ್ರ ಈಗ್ಲೇ ಕೀಳಬ್ಯಾಡ್ರಿ. ಹೊಸ ಗಿಡ ಬೇರು ಬಿಡ್ಲಿ, ಆಮೇಲೆ ಒಂದೊಂದೇ ತೆಗೀರಿ."

ಶಿಕಾರಿಪುರದ ಬಯಲಲ್ಲಿ ಬೆಳೆದವಳು ನಾನು. ನೆಲ ಹಸನು ಮಾಡುವುದೆಂದರೆ ಒಂದು ಬೇರೂ ಬಿಡದೆ ಅಗೆದು ತೆಗೆಯುವುದು ಎಂದೇ ತಿಳಿದಿದ್ದೆ. ಇವಳೇನು ನನಗೆ ಹೇಳಿಕೊಡುವುದು ಎಂಬ ಜಂಬ ಬೇರೆ. ನಾಲ್ಕು ದಿನ ಅಗೆದು, ಹಿತ್ತಲನ್ನು ಸಾರಿಸಿದ ಅಂಗಳದ ಹಾಗೆ ಮಾಡಿ, ಮಲ್ಲಿಗೆ ಕಡ್ಡಿ ಊರಿದೆ.

ಮರುದಿನ ಮಧ್ಯಾಹ್ನವೇ ಮಳೆ ಬಂತು. ಒಂದು ಗಂಟೆ ಹೊಡೆದಿರಬಹುದು, ಅಷ್ಟೇ… ಕಿಟಕಿಯಿಂದ ನೋಡಿದರೆ ನನ್ನ ಹಿತ್ತಲಿನ ಮಣ್ಣೆಲ್ಲ ಅವಳ ಸಸಿಮಡಿಯ ಮೇಲೆ. ಒಂದು ಹಸಿರೆಲೆ ಕಾಣಲಿಲ್ಲ. ಅವಳು ಮೊಣಕಾಲೂರಿ ಬರಿಗೈಯಲ್ಲಿ ಕೆಸರು ಕೆದರುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡು ಕುಳಿತೆ.

ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಜಗಳಕ್ಕೇ ಬಂದಳೆಂದುಕೊಂಡು, ನಾನೂ ನಾಲ್ಕು ಮಾತು ಜೋಡಿಸಿಕೊಂಡು ತೆರೆದೆ. ಅವಳ ತಲೆಯ ಮೇಲೆ ಬುಟ್ಟಿ.

"ನಿಮ್ಮನೆ ಮಣ್ಣು ರೀ. ಎಲ್ಲಿ ಸುರೀಲಿ?"

"ಮಳೆ ಭಾಳ ಜೋರಿತ್ತು" ಎಂದೆ. ಆ ಹೊತ್ತಿಗೆ ನನಗೆ ಸಿಕ್ಕ ಮಾತು ಅದು, ನಾಚಿಕೆಗೇಡು.

"ಹೂಂ ರೀ, ಜೋರಿತ್ತು" ಎಂದಳು.

ಮೂರು ದಿನ ಹೊತ್ತಳು. ನಾನು ಬುಟ್ಟಿ ಇಳಿಸಿಕೊಂಡೆ. ಕೊನೆಗೆ ತನ್ನ ಬಚ್ಚಲ ಪಕ್ಕದ ಲಾವಂಚದ ಹಿಂಡು ಒಡೆದು ತಂದು, ನನ್ನ ಇಳಿಜಾರಿಗೆ ಅಡ್ಡಡ್ಡ ಸಾಲಾಗಿ ಹಚ್ಚಿಕೊಟ್ಟಳು. "ಇದು ಮಣ್ಣು ಬಿಡಲ್ಲ ರೀ."

ಆ ಮಳೆಗಾಲ ಅವಳಿಗೆ ಮಾರಲು ಸಸಿಯಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಕಂಡವರ ಗದ್ದೆಗೆ ನಾಟಿ ಕೂಲಿಗೆ ಹೋಗುತ್ತಿದ್ದಳು. ದಿನಾ ಕಿಟಕಿಯಿಂದ ನೋಡಿದೆ. ಮತ್ತೆ ಊರಿದ ಮಲ್ಲಿಗೆ ಹೂ ಬಿಟ್ಟ ಮೇಲೆ ದಿನಾ ಒಂದು ಮೊಳ ಕೊಟ್ಟೆ, ಮುಡಿದುಕೊಂಡಳು. ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ವರ್ಗವಾಗಿ ಬಸ್ಸು ಹತ್ತುವಾಗ ಬುತ್ತಿ ಕಟ್ಟಿ ತಂದಿದ್ದಳು, ಆಗಲೂ… ಕೆಲವು ವರ್ಷದ ಮೇಲೆ ಅವಳು ಹೋದ ಸುದ್ದಿ ಬಂತು.

ಮಡಕೆಯಿಂದ ಒಂದು ಲೋಟ ನೀರು ತೆಗೆದುಕೊಂಡು "ತಪ್ಪಾಯ್ತು ಅಕ್ಕಾ" ಎಂದೆ, ಗಟ್ಟಿಯಾಗಿಯೇ.

"ಯಾರಿಗಜ್ಜಿ ಹೇಳ್ತಿದೀಯ?" ಎಂದಳು ಮೊಮ್ಮಗಳು ಒಳಗಿನಿಂದ.

"ಕೇಳಬೇಕಾದೋಳು ಇಲ್ಲ ಮಗಾ" ಎಂದು ನೀರು ಕುಡಿದೆ.