ಮೂರನೆಯ ಮರಿಯ ಹೆಸರು

ನಮ್ಮಕ್ಕ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕತ್ತರಿಯನ್ನು ಪಕ್ಕಕ್ಕಿಡುತ್ತೇನೆ. ನನ್ನದು ಹೊಲಿಗೆ ಅಂಗಡಿ. ಸಿಟ್ಟು ಬಂದಾಗ ಕೈಯಲ್ಲಿ ಕತ್ತರಿ ಇರಬಾರದು. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತಲ್ಲೇ ಕೇಳುತ್ತಾರೆ. "ಕಾಡುಪ್ರಾಣಿಗಳ ಬಗ್ಗೆ ಬರೀತಾಳೆ" ಅನ್ನುತ್ತೇನೆ. "ಅದಿರ್ಲಿ, ಕೆಲಸ ಏನು?" ಅನ್ನುತ್ತಾರೆ. ಬ್ಯಾಂಕಿನಲ್ಲಿ ಕೂತು ಆಕಳಿಸಿದರೆ ಅದು ಕೆಲಸ. ನೀರುನಾಯಿ ಮರಿ ಹಾಕಿದ ಬಿಲದ ಎದುರು ವಾರಗಟ್ಟಲೆ ಸೊಳ್ಳೆ ಕಚ್ಚಿಸಿಕೊಂಡು ಕೂತು, ಕಂಡದ್ದನ್ನು ಕಂಡಷ್ಟೇ ಬರೆದರೆ ಅದು ಹವ್ಯಾಸ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ, ಮತ್ತೆ ಯಾರೂ ಕೇಳಬೇಡಿ.

ಅಕ್ಕ ಓದಿದ್ದು ಪ್ರಾಣಿಶಾಸ್ತ್ರ. ಜೊತೆಯಲ್ಲಿ ಓದಿದವರೆಲ್ಲ ಪಾಠ ಹೇಳಲು, ಔಷಧಿ ಮಾರಲು ಹೋದರು. ಇವಳು ಮೃಗಾಲಯ ಸೇರಿ ಬೋನುಗಳ ಮುಂದೆ ಹಾಕುವ ಬೋರ್ಡು ಬರೆಯತೊಡಗಿದಳು. ಕರಡಿಯ ಬೋರ್ಡಿಗೆ ನಾಲ್ಕು ಸಾಲು ಬರೆಯಲು ದಿನವಿಡೀ ಕರಡಿಯ ಮುಂದೆ ಕೂರುತ್ತಿದ್ದಳು. ಅಲ್ಲಿನ ಅಧಿಕಾರಿ, "ಜನ ಓದಲ್ಲಮ್ಮಾ, ಕಲ್ಲು ಹೊಡೀಬೇಡಿ ಅಂತ ಬರಿ, ಸಾಕು" ಎಂದರಂತೆ. ಅಕ್ಕ ಬರೆದಳು: "ಈ ಕರಡಿಗೆ ಕಲ್ಲು ಹೊಡೆದವರಲ್ಲಿ ನೀವು ಮೊದಲಿಗರಲ್ಲ. ಅದರ ಎಡಗಣ್ಣು ನೋಡಿ." ಆ ಬೋರ್ಡು ಇದ್ದಷ್ಟು ದಿನ ಒಂದು ಕಲ್ಲೂ ಬೀಳಲಿಲ್ಲ. ಆಮೇಲೆ ಯಾರೋ ದೊಡ್ಡ ಮನುಷ್ಯರು ಮೊಮ್ಮಕ್ಕಳೊಂದಿಗೆ ಬಂದು ಓದಿ, "ನಮ್ಮನ್ನೇ ಬೈದಂಗಿದೆಯಲ್ಲ" ಎಂದರು. ಮಾರನೆಯ ದಿನ ಬೋರ್ಡು ಮಾಯ. ಕರಡಿಯ ಕಣ್ಣು ಹೋದಾಗ ಯಾರಿಗೂ ನೋವಾಗಿರಲಿಲ್ಲ ನೋಡಿ, ಬೋರ್ಡು ಓದಿ ನೋವಾಯಿತು.

ಅಲ್ಲಿಂದ ಪತ್ರಿಕೆಗೆ ಹೋದಳು. ಒಮ್ಮೆ ಹೊರವಲಯದ ಬಡಾವಣೆಗೆ ಚಿರತೆ ಬಂದು, ತೊಟ್ಟಿಯ ನೀರು ಕುಡಿದು, ಬಂದ ದಾರಿಯಲ್ಲೇ ಹೋಯಿತು. ಅಕ್ಕ ಹೆಜ್ಜೆ ಗುರುತು ನೋಡಿ ಅಷ್ಟನ್ನೇ ಬರೆದು ಕೊಟ್ಟಳು. ಬೆಳಿಗ್ಗೆ ನೋಡಿದರೆ ದಪ್ಪಕ್ಷರದಲ್ಲಿ "ಚಿರತೆ ಅಟ್ಟಹಾಸ: ಬೆಚ್ಚಿಬಿದ್ದ ಜನ"! ಬೆಚ್ಚಿಬಿದ್ದ ಜನ ಯಾರು? ಅಲ್ಲಿದ್ದವನು ಕಾವಲುಗಾರ ಒಬ್ಬನೇ, ಅವನು ಗೊರಕೆ ಹೊಡೆಯುತ್ತಿದ್ದ. ಕೇಳಿದರೆ ಉಪಸಂಪಾದಕ, "ನೀರು ಕುಡಿದು ಹೋಯ್ತು ಅಂದ್ರೆ ಯಾರ್ರೀ ಓದ್ತಾರೆ?" ಎಂದನಂತೆ. ಓದಿದವರು ಅಂದೇ ದೊಣ್ಣೆ, ಕಬ್ಬಿಣದ ಸಲಾಕೆ ಹಿಡಿದು ಹುಡುಕಲು ಹೊರಟರು. ಸುದ್ದಿಯ ಕೆಳಗೆ ಅಕ್ಕನ ಹೆಸರಿತ್ತು. ಅವಳು ಆ ಕೆಲಸವನ್ನೂ ಬಿಟ್ಟಳು.

ಮುಂದೆ ಕೆಲವು ವರ್ಷ ಮಕ್ಕಳ ಪುಸ್ತಕ, ಶಾಲೆಗಳಲ್ಲಿ ಮಾತು, ರೇಡಿಯೋ ಎಂದು ಅಲೆದಳು. ಕೊನೆಗೆ ಒಂದು ವನ್ಯಜೀವಿ ಸಂಸ್ಥೆ ಅವಳನ್ನು ಕರೆಯಿತು. ನೀರಿನ ಫಿಲ್ಟರ್ ಪಕ್ಕದ ಪುಟ್ಟ ಮೇಜಿನಿಂದ ಶುರುವಾಗಿ, ಮೆಲ್ಲಗೆ ಮೇಲೇರಿ, ಸಂವಹನ ವಿಭಾಗದ ಮುಖ್ಯಸ್ಥೆಯಾದಳು. ಹಾಗೆಂದರೇನು ಎಂದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಮಗಳ ವಿಸಿಟಿಂಗ್ ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ತಲೆ ಬಾಚುವಾಗಲೆಲ್ಲ ನೋಡಿ ಖುಷಿಪಡುತ್ತಿದ್ದಳು.

ಅಕ್ಕನಿಗೆ ಬರವಣಿಗೆಯಲ್ಲಿ ಒಂದು ನೇಮವಿತ್ತು. ಗೂಡಾಗಲಿ, ಬಿಲವಾಗಲಿ, ಮರಿಗಳು ಬಿಟ್ಟು ಹೋದ ಮೇಲೆಯೇ ಅದರ ಬಗ್ಗೆ ಬರೆಯುವುದು. ಜಾಗ ಯಾವುದು ಎಂದು ಆಗಲೂ ಹೇಳುವುದಿಲ್ಲ. ಅವಳ ಕಸುಬಿನ ಒಳ್ಳೆಯವರೆಲ್ಲ ಹೀಗೇ ಮಾಡುತ್ತಾರಂತೆ. ಮನೆಯವರಿಗೂ ರಿಯಾಯಿತಿ ಇಲ್ಲ.

"ಹೆತ್ತ ತಾಯಿಗೂ ಹೇಳಲ್ವೇನೇ?" ಎಂದು ಅಮ್ಮ ಮುನಿಸಿಕೊಳ್ಳುತ್ತಿದ್ದಳು.

"ನಿಂಗೆ ಹೇಳಿದ್ರೆ ನೀನು ಮಹಡಿ ಮನೆಯವರಿಗೆ ಹೇಳ್ತೀಯಮ್ಮ."

"ಅವರೊಬ್ರಿಗೆ ಹೇಳಿದ್ರೆ ಏನಾಗುತ್ತೆ?"

"ನೋಡು, ಈಗ್ಲೇ ಹೇಳೋಕೆ ರೆಡಿ ಆಗಿದೀಯ!"

ಅಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನನಗೆ ಗಂಡು ನೋಡಿದ ಸುದ್ದಿ ನನಗಿಂತ ಮೊದಲು ಮಹಡಿ ಮನೆಯಾಕೆಗೆ ಗೊತ್ತಿತ್ತು.

ಈಗ ನೀರುನಾಯಿಗಳ ವಿಷಯ. ನಮ್ಮ ಊರ ನಡುವಿನ ಹೊಳೆಗೆ ಹಳೆಯ ಸೇತುವೆ ಇದೆ. ಅದರ ಕಂಬದ ಬುಡದಲ್ಲಿ, ದಡದ ಮರದ ಬೇರುಗಳ ಸಂದಿನಲ್ಲಿ, ನೀರುನಾಯಿಯೊಂದು ಮೂರು ಮರಿ ಹಾಕಿತ್ತು. ಮೇಲೆ ಬಸ್ಸು ಲಾರಿಗಳ ಗದ್ದಲ, ಕೆಳಗೆ ಬಾಣಂತನ. ಸಂಸ್ಥೆಯ ಫೋಟೋಗ್ರಾಫರ್ ಮತ್ತು ಅಕ್ಕ ಎದುರು ದಡದ ಪೊದೆಯಲ್ಲಿ ಅಡಗಿ ಕೂತು ಒಂದು ಚಿತ್ರ ತೆಗೆದರು. ತಾಯಿಯ ಬೆನ್ನ ಮೇಲೆ ಒಂದು ಮರಿ, ಪಕ್ಕದಲ್ಲಿ ಇನ್ನೆರಡು. ಹಿಂದೆ ಸೇತುವೆಯ ಕಂಬ, ಅದರ ಮೇಲೆ ಟೈರ್ ಅಂಗಡಿಯ ಕೆಂಪು ಜಾಹೀರಾತು. ಊರಲ್ಲಿ ಆ ಜಾಹೀರಾತು ನೋಡದವರಿಲ್ಲ.

ಅಕ್ಕ ಕಂಬ ಕಾಣದಂತೆ ಚಿತ್ರವನ್ನು ಕತ್ತರಿಸಿ, ಮರಿಗಳು ಬಿಲ ಬಿಟ್ಟ ಮೇಲೆ ಬಳಸಬೇಕು ಎಂದು ಹೇಳಿ ಇಟ್ಟಿದ್ದಳು. ನಿರ್ದೇಶಕರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? (ಬಹುವಚನ ಕೊಡುತ್ತಿರುವುದು ಅಕ್ಕ ಹೇಳಿದ್ದಕ್ಕೆ. ನನಗೆ ಬಿಟ್ಟಿದ್ದರೆ ಏಕವಚನವೂ ಹೆಚ್ಚು.) ಸಂಸ್ಥೆಯ ವಾರ್ಷಿಕೋತ್ಸವ ಹತ್ತಿರವಿತ್ತು, ಬಸ್ ನಿಲ್ದಾಣದ ಮುಂದೆ ಉದ್ದನೆಯ ಫಲಕ ಹಾಕಬೇಕಿತ್ತು. ಕತ್ತರಿಸಿದ ಚಿತ್ರ ಆ ಉದ್ದಕ್ಕೆ ಸಾಲಲಿಲ್ಲ. ಅಕ್ಕ ಬೇರೆ ಊರಿಗೆ ಹೋಗಿದ್ದಾಗ ಫೋಟೋಗ್ರಾಫರನನ್ನು ಕರೆಸಿ, ಮೂಲ ಚಿತ್ರವನ್ನೇ ತರಿಸಿಕೊಂಡರು. ಬಟ್ಟೆ ಸಾಲದಿದ್ದರೆ ಅಂಗಿಯನ್ನು ಚಿಕ್ಕದು ಮಾಡಬೇಕು. ಇವರು ಪಕ್ಕದವರ ಸೀರೆ ಎಳೆದುಕೊಂಡರು. ಫಲಕದ ಮೇಲೆ ತಾಯಿ, ಮೂರು ಮರಿ, ಕಂಬ, ಟೈರ್ ಅಂಗಡಿ, ಎಲ್ಲವೂ ಆಳೆತ್ತರ. ಕೆಳಗೆ "ಮರಿಗಳಿಗೆ ಹೆಸರಿಡಿ, ಬಹುಮಾನ ಗೆಲ್ಲಿ". ಅದರ ಕೆಳಗೆ ಅಕ್ಕನ ಹೆಸರು.

ಆ ಭಾನುವಾರ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಿಸ್ಕತ್ತು ಎಸೆಯುವವರು, ಶಿಳ್ಳೆ ಹೊಡೆಯುವವರು, ಮಗುವನ್ನು ಕಟ್ಟೆಯ ಮೇಲೆ ನಿಲ್ಲಿಸಿ "ನೋಡು ಪುಟ್ಟಾ, ನೋಡು" ಎನ್ನುವವರು. ಒಬ್ಬ ಬಿಲದೊಳಗೆ ಕೋಲು ತೂರಿಸಿ, ಮರಿ ಹೊರಗೆ ಬಂದರೆ ಸೆಲ್ಫಿ ತೆಗೆಯಲು ಕಾಯುತ್ತಿದ್ದ. ಸುದ್ದಿ ಗೊತ್ತಾಗಿ ಓಡಿಬಂದ ಅಕ್ಕ ಗಂಟಲು ಹರಿಯುವಂತೆ ಕೂಗಿದಳು. "ಫಲಕ ಹಾಕಿ ಕರೆದೋರು ನೀವೇ ಅಲ್ವಾ?" ಎಂದು ಒಬ್ಬ ಕೇಳಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಸಂಕಟ.

ಮಾರನೆಯ ಬೆಳಿಗ್ಗೆ ನಾನೂ ಅವಳ ಜೊತೆ ಹೋದೆ. ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ರಸ್ತೆಯಾಚೆಗೆ ಸಾಗಿಸಿತ್ತು. ಎರಡು ದಾಟಿದ್ದವು. ಮೂರನೆಯದು ರಸ್ತೆಯ ಮೇಲಿತ್ತು. ಯಾವ ಗಾಡಿ ಎಂದು ಯಾರಿಗೆ ಗೊತ್ತು? ಹೆಬ್ಬೆರಳಗಲದ ಪಾದ, ಬೆರಳುಗಳ ನಡುವೆ ತೆಳ್ಳನೆಯ ಚರ್ಮ. ಈಜಲು ಹುಟ್ಟಿದ್ದು ಡಾಂಬರಿನ ಮೇಲೆ ಬಿದ್ದಿತ್ತು. ಅಕ್ಕ ತನ್ನ ದುಪಟ್ಟಾದಲ್ಲಿ ಅದನ್ನು ಸುತ್ತಿಕೊಂಡು ಅಲ್ಲೇ ಕೂತು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಯಾರನ್ನಾದರೂ ಹಿಡಿದು ಬಾರಿಸಬೇಕು ಅನ್ನಿಸಿತು.

ಅಕ್ಕ ನೇರ ಕಚೇರಿಗೆ ಹೋಗಿ ಸ್ಪರ್ಧೆ ನಿಲ್ಲಿಸಿ ಎಂದಳು. ನಿರ್ದೇಶಕರು ಬಾಗಿಲು ಮುಂದೆ ಮಾಡಿ, ಕುರ್ಚಿ ತೋರಿಸಿ, ದನಿ ತಗ್ಗಿಸಿದರಂತೆ.

"ಸಾವಿರಾರು ಜನ ಹೆಸರು ಕಳಿಸಿದಾರೆ. ಈಗ ಸತ್ತಿದೆ ಅಂದ್ರೆ ಎಲ್ರಿಗೂ ಬೇಜಾರು. ನೀವೊಂದ್ ನಾಲ್ಕು ಸಾಲು ಬರ್ಕೊಡಿ, ಮೂರೂ ಮರಿ ಆರೋಗ್ಯವಾಗಿ ಬೇರೆ ಕಡೆ ಹೋಗಿವೆ ಅಂತ. ವೇದಿಕೆ ಮೇಲೆ ನೀವೇ ಓದಿ. ನಿಮ್ಮ ಬಾಯಲ್ಲಿ ಬಂದ್ರೆ ಜನ ನಂಬ್ತಾರೆ."

"ಅದಕ್ಕೇ ಹೇಳಲ್ಲ, ಸರ್."

"ಹಾಗಾದ್ರೆ ಈ ಜಾಗದಲ್ಲಿ ಬೇರೆಯವರನ್ನ ನೋಡ್ಬೇಕಾಗುತ್ತೆ. ಯೋಚ್ನೆ ಮಾಡಿ."

ಮನೆಯಲ್ಲಿ ಅಮ್ಮ ಯೋಚನೆ ಮಾಡಿದಳು, ಜೋರಾಗಿಯೇ. "ಇಷ್ಟು ವರ್ಷ ಒದ್ದಾಡಿ ಈಗ ತಾನೆ ಒಂದು ನೆಲೆಗೆ ಬಂದಿದೀಯ. ನಾಲ್ಕು ಸಾಲು ತಾನೆ? ಬರೆದು ಬಿಸಾಕು, ಅತ್ಲಾಗೆ."

"ಅಮ್ಮ, ನಾನು ಹೇಳಿದ್ದನ್ನ ಜನ ನಂಬ್ತಾರೆ. ನಾನು ಇಷ್ಟು ವರ್ಷ ಸಂಪಾದಿಸಿದ್ದು ಅದೊಂದೇ. ಅದನ್ನೇ ಕೊಟ್ಟು ಕುರ್ಚಿ ಉಳಿಸ್ಕೋ ಅಂತೀಯಾ?"

ಅಮ್ಮ ಕನ್ನಡಿಯ ಕಡೆ ನೋಡಿದಳು.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಅಮ್ಮ, ನಾನು ಎರಡನೆಯ ಸಾಲಿನಲ್ಲಿದ್ದೆವು. ವೇದಿಕೆಯ ಹಿಂದೆ ಅದೇ ಚಿತ್ರ, ಟೈರ್ ಅಂಗಡಿ ಸಮೇತ. ನಿರ್ದೇಶಕರು ಗೆದ್ದ ಹೆಸರುಗಳ ಲಕೋಟೆಯನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಕೊನೆಗೆ ಒಪ್ಪಿಕೊಂಡಿದ್ದಾಳೆ ಎಂದು ಅವರೇ ತಿಳಿದುಕೊಂಡಿದ್ದರು. ಅವಳು ಹಾಗೆ ಹೇಳಿರಲಿಲ್ಲ. ಮೊದಲ ಹೆಸರು ಓದಿದಳು, ಚಪ್ಪಾಳೆ. ಎರಡನೆಯದು ಓದಿದಳು, ಚಪ್ಪಾಳೆ. ಮೂರನೆಯದನ್ನು ಓದದೆ ಲಕೋಟೆಯನ್ನು ಮಡಚಿದಳು.

"ಮೂರನೇ ಮರಿ ಸೇತುವೆ ರಸ್ತೆ ಮೇಲೆ ಗಾಡಿಗೆ ಸಿಕ್ಕಿ ಸತ್ತುಹೋಯ್ತು. ಈ ಚಿತ್ರದಲ್ಲಿ ಹಿಂದೆ ಕಾಣೋ ಕಂಬ ನೋಡಿ ನೀವೆಲ್ಲ ಅಲ್ಲಿಗೆ ಬಂದ್ರಿ. ತಾಯಿ ಹೆದರಿ ಮರಿಗಳನ್ನ ರಸ್ತೆ ದಾಟಿಸ್ತು. ಚಿತ್ರ ನಾವು ಹಾಕಿದ್ದು, ಅದರ ಕೆಳಗೆ ನನ್ನ ಹೆಸರಿದೆ. ಬಂದಿದ್ದು ನೀವು. ಈ ಹೆಸರನ್ನ ನಿಮಗೇ ವಾಪಸ್ ಕೊಡ್ತಿದೀನಿ. ಇಟ್ಕೊಳ್ಳೋಕೆ ಮರಿ ಇಲ್ಲ."

ನಿರ್ದೇಶಕರ ಮುಖ ಇಂಗು ತಿಂದ ಮಂಗನಂತಾಗಿತ್ತು. (ಈ ಮಾತು ಅಕ್ಕನ ಕಿವಿಗೆ ಬಿದ್ದರೆ ಮಂಗಗಳ ಪರವಾಗಿ ಜಗಳಕ್ಕೆ ಬರುತ್ತಾಳೆ.) ಈಗ ಜನಕ್ಕೆ ತಟ್ಟಿರುತ್ತದೆ, ಯಾರಾದರೂ ಎದ್ದು ಒಂದು ಒಳ್ಳೆಯ ಮಾತಾಡುತ್ತಾರೆ ಎಂದು ನಾನು ಕಾದೆ. ಎದ್ದರು. ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡಿದ್ದ ಒಬ್ಬರು, ಬಹಳ ಮರ್ಯಾದೆಯಿಂದ ಕೇಳಿದರು:

"ಮೇಡಂ, ಪಾಪ, ತುಂಬಾ ಬೇಜಾರಾಯ್ತು. ಉಳಿದೆರಡು ಈಗ ಎಲ್ಲಿವೆ? ಈ ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗೋಣ ಅಂತ."

ಅಕ್ಕ ಅವರನ್ನೇ ನೋಡಿದಳು. "ಹೇಳಲ್ಲ" ಎಂದಳು.

"ಹೇಳೋಕಾಗಲ್ಲ ಅಂದ್ರೆ ಇಂಥ ಕಾರ್ಯಕ್ರಮ ಯಾಕ್ರೀ ಮಾಡ್ತೀರಿ?" ಎಂದರು ಅವರು. ಚಪ್ಪಾಳೆ ಬಿದ್ದದ್ದು ಅವರಿಗೆ.

ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಹೊಲಿಗೆ ಯಂತ್ರದ ಸದ್ದಿನಲ್ಲೂ ಕೇಳುತ್ತದೆ, ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಸಂಸ್ಥೆ ಅದೇ ವಾರ ಅಕ್ಕನಿಂದ ಕೈ ತೊಳೆದುಕೊಂಡಿತು. ಫಲಕ ಮಾತ್ರ ಇನ್ನೂ ಬಸ್ ನಿಲ್ದಾಣದ ಮುಂದೆಯೇ ಇದೆ, ಮೂರು ಮರಿಗಳೊಂದಿಗೆ.

ಅಕ್ಕ ಈಗಲೂ ಬೆಳಗಾಗುತ್ತಲೇ ಹೊರಡುತ್ತಾಳೆ, ಚಪ್ಪಲಿಯ ತುಂಬ ಕೆಸರು ಮಾಡಿಕೊಂಡು ಬರುತ್ತಾಳೆ. ಎಲ್ಲಿಗೆ ಎಂದು ನಾನು ಕೇಳಿಲ್ಲ. ಚಪ್ಪಲಿ ತೊಳೆದಿಡುವವಳು ಅಮ್ಮ. ಆ ಕೆಸರು ಯಾವ ಕಡೆಯದು ಎಂದು ಅಮ್ಮನಿಗೆ ತಿಳಿಯದೆ ಇರುತ್ತದೆಯೇ? ಈ ಊರಲ್ಲೇ ಹುಟ್ಟಿ ಬೆಳೆದವಳು.

ಮೊನ್ನೆ ಮಹಡಿ ಮನೆಯಾಕೆ ಇಳಿದು ಬಂದು, ಬಾಗಿಲಿಗೆ ಒರಗಿ ನಿಂತರು. "ನಿಮ್ಮ ದೊಡ್ಡ ಮಗಳು ಆ ನೀರುನಾಯಿ ನೋಡೋಕೇ ಹೋಗ್ತಾಳಂತಲ್ಲ? ಎಲ್ಲಿವೆಯಂತೆ? ನಂಗೊಬ್ಳಿಗೆ ಹೇಳಿ, ಯಾರಿಗೂ ಬಾಯಿ ಬಿಡಲ್ಲ."

ಅಮ್ಮ ಕೈಯಲ್ಲಿದ್ದ ಕೆಸರು ಚಪ್ಪಲಿಯನ್ನು ಸೆರಗಿನ ಹಿಂದಕ್ಕೆ ಸರಿಸಿದಳು.

"ಗೊತ್ತು. ಹೇಳಲ್ಲ" ಎಂದಳು. ಬಾಗಿಲು ಹಾಕಿಕೊಂಡಳು.